ಸೆಲ್ಲಾರಿನಲ್ಲೊಂದು ದೋಣಿ

ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ನನ್ನ ಕಾರಿನ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ದೋಣಿ ಹತ್ತು ತಿಂಗಳು ಬಿದ್ದಿತ್ತು. ನೆಲದ ಕೆಳಗಿನ ಪಾರ್ಕಿಂಗಿಗೆ ಹೈದರಾಬಾದಿನಲ್ಲಿ ಸೆಲ್ಲಾರ್ ಅನ್ನುತ್ತಾರೆ. ಅದನ್ನು ಅಲ್ಲಿಗೆ ತಂದ ದಿನ ವಾಚ್‌ಮನ್ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದಿ ಪಡವಾ ಸಾರ್, ಟಬ್ಬಾ?" ಅಂತ ಕೇಳಿದ್ದ. ಅವನ ತಪ್ಪಲ್ಲ. ಆಪ್ಟಿಮಿಸ್ಟ್ ಅನ್ನುವ ಆ ದೋಣಿಯನ್ನು ನೋಡಿದ ಎಲ್ಲರಿಗೂ ಮೊದಲು ನೆನಪಾಗುವುದು ಸ್ನಾನದ ತೊಟ್ಟಿಯೇ. ಚಪ್ಪಟೆ ಮೂತಿ, ಎಂಟಡಿಗಿಂತ ಸ್ವಲ್ಪ ಕಡಿಮೆ ಉದ್ದ, ಸುಮಾರು 35 ಕಿಲೋ ತೂಕ, ಒಂದು ಕೂವೆಕಂಬ, ಒಂದೇ ಹಾಯಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನುವವರು ಮಕ್ಕಳಿಗೆಂದೇ ಅಗ್ಗದಲ್ಲಿ ಕೂರಿಸಬಹುದಾದ ದೋಣಿಯಾಗಿ ಇದನ್ನು ರೂಪಿಸಿದರು. ಇವತ್ತು ಜಗತ್ತಿನ ಬಹುಪಾಲು ಮಕ್ಕಳು ಹಾಯಿ ಕಲಿಯುವುದು ಇದರಲ್ಲೇ. ಹದಿನೈದು ದಾಟಿದ ಮೇಲೆ ಸ್ಪರ್ಧೆಯಲ್ಲಿ ಇದನ್ನು ಓಡಿಸುವ ಹಾಗಿಲ್ಲ.

ಹೈದರಾಬಾದಿಗೂ ಹಾಯಿದೋಣಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಾನೂ ಈ ಊರಿಗೆ ಬಂದು ಹನ್ನೆರಡು ವರ್ಷವಾಗುವ ತನಕ ಹಾಗೇ ಕೇಳುತ್ತಿದ್ದೆ. ಇಬ್ರಾಹಿಂ ಕುತುಬ್ ಶಾಹಿಯ ಕಾಲದಲ್ಲಿ ಕಟ್ಟಿಸಿದ ಹುಸೇನ್ ಸಾಗರ ನಮಗೆಲ್ಲ ಟ್ಯಾಂಕ್ ಬಂಡಿನ ಮೇಲೆ ಹೋಗುವಾಗ ಕಾರಿನ ಗಾಜು ಏರಿಸಿಕೊಳ್ಳುವ ಜಾಗ. ಆದರೆ ಅದರ ದಂಡೆಯಲ್ಲಿ ಇಎಂಇ ಸೇಲಿಂಗ್ ಅಸೋಸಿಯೇಷನ್, ಸಿಕಂದರಾಬಾದ್ ಸೇಲಿಂಗ್ ಕ್ಲಬ್, ಯಾಟ್ ಕ್ಲಬ್ ಆಫ್ ಹೈದರಾಬಾದ್ ಇವೆ. ಮಳೆಗಾಲದಲ್ಲಿ ಕಡಲು ಒರಟಾಗಿ ಮುಂಬೈ ಕಡೆಯ ಹಾಯಿದೋಣಿಗಳು ದಡ ಸೇರಿದಾಗ, ದಖ್ಖನ್ನಿನ ಮೇಲೆ ಪಶ್ಚಿಮದ ಗಾಳಿ ಒಂದೇ ಸಮ ಬೀಸುತ್ತಿರುತ್ತದೆ. ಮಳೆ ಕಡಿಮೆ, ಗಾಳಿ ಜಾಸ್ತಿ. ಹಾಗಾಗಿ ಜುಲೈ ಬಂತೆಂದರೆ ದೇಶದ ಬೇರೆ ಬೇರೆ ಕಡೆಯಿಂದ ಹಾಯಿಯ ಹುಡುಗ ಹುಡುಗಿಯರು ಸಮುದ್ರವಿಲ್ಲದ ಈ ಊರಿಗೆ ಬಂದು ಇಳಿಯುತ್ತಾರೆ.

ಇನ್ನು ನನ್ನ ವಿಷಯ. ನಾನು ಗಂಗೊಳ್ಳಿಯವನು. ಪಂಚಗಂಗಾವಳಿ ಕಡಲು ಸೇರುವ ಕಡೆ ನಮ್ಮ ಮನೆ. ಅಜ್ಜ ಹಾಯಿ ಕಟ್ಟಿದ ದೋಣಿಯಲ್ಲಿ ಮೀನಿಗೆ ಹೋದವರು. ಸೋದರಮಾವ ನಲವತ್ತು ವರ್ಷ ಬೋಟಿನಲ್ಲಿ ದುಡಿದವರು. ಅಮ್ಮನದು ಒಂದೇ ಹಟ: ಇವನು ಮಾತ್ರ ದೋಣಿ ಹತ್ತಬಾರದು. ಆ ಹಟದಿಂದಲೇ ನಾನು ಸುರತ್ಕಲ್ಲಿನಲ್ಲಿ ಎಂ.ಟೆಕ್. ಮಾಡಿದೆ. ಕ್ಯಾಂಪಸ್ಸಿನ ಪಕ್ಕದಲ್ಲೇ ಕಡಲು ಇದ್ದರೂ ಎರಡು ವರ್ಷದಲ್ಲಿ ನೀರಿಗೆ ಇಳಿದಿದ್ದು ನೆನಪಿಲ್ಲ. ಆಮೇಲೆ ಹೈದರಾಬಾದ್, ಹೈಟೆಕ್ ಸಿಟಿ, ಟೀಮು, ಪ್ರಾಜೆಕ್ಟು, ಡೆಡ್‌ಲೈನು. ದೋಣಿ ಹತ್ತಬಾರದು ಅಂತ ಸಾಲ ಮಾಡಿ ಓದಿಸಿದ ಮಗ, ತಿಂಗಳು ತಿಂಗಳು ಫೀಸು ಕಟ್ಟಿ ತನ್ನ ಮಗಳನ್ನು ದೋಣಿ ಹತ್ತಿಸುತ್ತಿದ್ದಾನೆ ಅಂತ ಗೊತ್ತಾದಾಗ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೂ ದುಡ್ಡು ತಕಂತ್ರಾ?" ಅಂತ ಮಾತ್ರ ಕೇಳಿದರು.

ಮಗಳು ಸ್ಕೂಲಿನ ಸಮ್ಮರ್ ಕ್ಯಾಂಪಿನಲ್ಲಿ ಒಂದು ವಾರ ಹೋಗಿ ಅಲ್ಲೇ ಅಂಟಿಕೊಂಡಳು. ಹನ್ನೊಂದಾದಾಗ, ಚೆನ್ನೈನ ಒಂದು ಕುಟುಂಬದಿಂದ ಹಳೇ ಆಪ್ಟಿಮಿಸ್ಟ್ ಕೊಂಡೆವು. ಅವರ ಮಗನಿಗೆ ಹದಿನಾರು ತುಂಬಿತ್ತು.

ಹೋದ ವರ್ಷ ಆಗಸ್ಟಿನ ಒಂದು ಭಾನುವಾರ. ಪ್ರಾಕ್ಟೀಸು ಮುಗಿಯುವ ಹೊತ್ತಿಗೆ ಸಂಜೀವಯ್ಯ ಪಾರ್ಕಿನ ಕಡೆಯಿಂದ ಒಂದು ಜೋರು ಗಾಳಿ ಬಂತು. ನಾಲ್ಕು ದೋಣಿ ಒಟ್ಟಿಗೇ ಮಗುಚಿದವು. ಮಗುಚುವುದು ದೊಡ್ಡ ವಿಷಯವಲ್ಲ, ಅದನ್ನು ಮಕ್ಕಳಿಗೆ ಮೊದಲ ವಾರವೇ ಕಲಿಸಿರುತ್ತಾರೆ. ನಡುಹಲಗೆಯ ಮೇಲೆ ಭಾರ ಹಾಕಿ ದೋಣಿ ಎಬ್ಬಿಸಬೇಕು, ಒಳಗೆ ಹತ್ತಬೇಕು, ಬೇಲರಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲಬೇಕು. ದೋಣಿ ನೀರು ತುಂಬಿಕೊಂಡೂ ತೇಲಲಿ ಅಂತ ಒಳಗೆ ಗಾಳಿ ತುಂಬಿದ ಮೂರು ಚೀಲಗಳಿರುತ್ತವೆ: ಎಡಬಲಕ್ಕೆ ಒಂದೊಂದು, ಹಿಂದೆ ಒಂದು. ಉಳಿದ ಮೂವರು ಮಕ್ಕಳು ಐದಾರು ನಿಮಿಷದಲ್ಲಿ ಮತ್ತೆ ಹಾಯಿ ಹಿಡಿದರು. ನನ್ನ ಮಗಳು ದೋಣಿ ಎಬ್ಬಿಸಿದಳು, ಹತ್ತಿದಳು, ಮೊಗೆಯತೊಡಗಿದಳು. ಆದರೆ ದೋಣಿಯ ಎಡಮೂಲೆ ಮೇಲೇಳಲೇ ಇಲ್ಲ. ಇವಳು ಒಂದು ಬೇಲರು ಚೆಲ್ಲಿದರೆ ಅಲೆ ಎರಡು ಬೇಲರು ಒಳಗೆ ಹಾಕುತ್ತಿತ್ತು. ನಾನು ಜೆಟ್ಟಿಯ ಮೇಲೆ ನಿಂತು ನೋಡುತ್ತಿದ್ದೆ. ಸುಮಾರು ಇಪ್ಪತ್ತು ನಿಮಿಷ ಅವಳ ಕೈ ನಿಲ್ಲಲಿಲ್ಲ. ರೆಸ್ಕ್ಯೂ ಬೋಟಿನವರು ಉಳಿದವರನ್ನು ನೋಡಿಕೊಂಡು ಅವಳ ಹತ್ತಿರ ಹೋದಾಗ ದೋಣಿಯ ಅಂಚು ನೀರಿನ ಮಟ್ಟಕ್ಕೆ ಬಂದಿತ್ತು. ಲೈಫ್ ಜಾಕೆಟ್ ಇತ್ತು, ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಆದರೆ ಹುಸೇನ್ ಸಾಗರದ ನೀರು ಹೇಗಿದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಅದನ್ನು ಕುಡಿದವಳು ಒಂದು ವಾರ ಹಾಸಿಗೆ ಹಿಡಿದಳು.

ಎಡಭಾಗದ ಆ ಚೀಲದ ವಾಲ್ವಿನ ಹತ್ತಿರ ಸಣ್ಣಗೆ ಗಾಳಿ ಸೋರುತ್ತಿದ್ದದ್ದು ನನಗೆ ಶುಕ್ರವಾರವೇ ಗೊತ್ತಾಗಿತ್ತು. ಹೊಸ ಚೀಲ ಆರ್ಡರ್ ಮಾಡಿದ್ದೆ, ಬರಲು ಹತ್ತು ದಿನ ಬೇಕಿತ್ತು. ಶನಿವಾರ ಬೆಳಿಗ್ಗೆ ಅದಕ್ಕೆ ಟೇಪ್ ಸುತ್ತಿ, ಗಾಳಿ ತುಂಬಿ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. "ನಡೆಯುತ್ತೆ" ಅಂದುಕೊಂಡೆ. ಅರ್ಧ ಗಂಟೆ ಟೆಸ್ಟ್ ಮಾಡಿ ಪಾಸ್ ಅಂತ ಬರೆಯುವುದು ನನ್ನ ಕಸುಬಿನಲ್ಲಿ ಅಪರೂಪವೇನಲ್ಲ.

ಜ್ವರ ಇಳಿದ ದಿನ ಮಗಳು ಕೇಳಿದಳು, "ಅಪ್ಪಾ, ಕೋಚ್ ಹೇಳಿದ್ರು ಒಂದು ಏರ್‌ಬ್ಯಾಗಿಗೆ ಟೇಪ್ ಇತ್ತಂತೆ. ಯಾರು ಹಾಕಿದ್ದು?"

"ಗೊತ್ತಿಲ್ಲ ಪುಟ್ಟಾ. ಹಳೇ ದೋಣಿ ಅಲ್ವಾ, ಹಿಂದಿನವರು ಹಾಕಿರಬಹುದು" ಅಂದೆ.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಬಾಯಿಗೆ ತಾನಾಗಿ ಬಂತು. ಅವಳೂ ಮತ್ತೆ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ, ಇನ್ನು ಹೋಗಲ್ಲ ಅಂದಳು. ದೋಣಿಯನ್ನು ಕಾರಿನ ಮೇಲೆ ಕಟ್ಟಿ ಕೊಂಡಾಪುರಕ್ಕೆ ತಂದೆವು. ತರುವಾಗ ಸೆಲ್ಲಾರಿನ ರ್‍ಯಾಂಪಿನಲ್ಲಿ ಅದರ ತಳ ಒಮ್ಮೆ ಸಿಮೆಂಟಿಗೆ ಬಡಿಯಿತು. ಮೇಲೆ ತಾಡಪಾಲು ಹೊದಿಸಿದೆವು. ಆ ಚಳಿಗಾಲದಿಂದ ಮಗಳು ದಿನಾ ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಂಡು ಪುಷ್‌ಅಪ್ ಮಾಡಲು ಶುರು ಮಾಡಿದಳು. ನಾವಿಬ್ಬರೂ ಅದನ್ನು ನೋಡಿ ನಕ್ಕಿದ್ದೆವು. ಯಾವುದೋ ಯೂಟ್ಯೂಬ್ ಚಾನೆಲ್ಲಿನ ಪ್ರಭಾವ ಅಂದುಕೊಂಡಿದ್ದೆವು.

ಈ ವರ್ಷ ಜೂನ್ ಕೊನೆಯಲ್ಲಿ, ಊಟ ಮಾಡುತ್ತಾ, "ಮಾನ್ಸೂನ್ ರೆಗಟ್ಟಾಕ್ಕೆ ಹೆಸರು ಕೊಡ್ತೀನಿ" ಅಂದಳು. ಇದ್ದದ್ದು ಮೂರು ವಾರ. ಅದಕ್ಕೂ ಮೊದಲು ದೋಣಿಯನ್ನು ಅಳತೆಗೆ ಒಪ್ಪಿಸಬೇಕು. ಹಾಯಿಯ ಅಳತೆ, ಚೀಲಗಳು, ಅವುಗಳ ಪಟ್ಟಿಗಳು, ಮಗುಚಿದಾಗ ಕೂವೆಕಂಬ ಜಾರದಂತೆ ಕಟ್ಟಿದ್ದಾರೋ ಇಲ್ಲವೋ, ಬೇಲರು ದಾರಕ್ಕೆ ಸಿಕ್ಕಿಸಿದೆಯೋ, ಎಲ್ಲ ನೋಡುತ್ತಾರೆ. ನಾನು ಆ ರಾತ್ರಿಯೇ ಎಕ್ಸೆಲ್ ತೆರೆದೆ. ಬೇರೆ ಯಾರಾದರೂ ಆಗಿದ್ದರೆ ಟಾರ್ಚ್ ಹಿಡಿದು ಕೆಳಗೆ ಹೋಗಿ ಮೊದಲು ದೋಣಿ ನೋಡುತ್ತಿದ್ದರು.

ಮರುದಿನ ತಾಡಪಾಲು ತೆಗೆದಾಗ ಮೊದಲು ಕಂಡದ್ದು ಒಂದು ಬೆಕ್ಕು, ಮೂರು ಮರಿ. ಅವುಗಳಿಗೆ ವಾಚ್‌ಮನ್ ರೂಮಿನ ಪಕ್ಕ ರಟ್ಟಿನ ಡಬ್ಬಿ ಇಟ್ಟು, ಆಮೇಲೆ ಪಟ್ಟಿ ಮಾಡಿದೆವು. ಮೂರೂ ಚೀಲ ಬದಲಿಸಬೇಕು. ಚುಕ್ಕಾಣಿ ಸಿಕ್ಕಿಸುವ ಕೊಂಡಿಯ ಸ್ಕ್ರೂ ಸಡಿಲ. ಹಗ್ಗಗಳೆಲ್ಲ ಗಡಸು. ಹಾಯಿಯ ಒಂದು ಹೊಲಿಗೆ ಬಿಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನಡುಹಲಗೆ ಇಳಿಯುವ ಪೆಟ್ಟಿಗೆ ತಳಕ್ಕೆ ಕೂಡುವ ಜಾಗದಲ್ಲಿ ಗೇಣುದ್ದದ ಬಿರುಕು. ಸಿಮೆಂಟಿಗೆ ಬಡಿದ ಪೆಟ್ಟು. ಒಳಗಿನಿಂದ ನೀರು ಸುರಿದು ನೋಡಿದರೆ ಕೆಳಗೆ ತಟತಟ ತೊಟ್ಟಿಕ್ಕುತ್ತಿತ್ತು.

ಮಾವನಿಗೆ ಫೋನ್ ಮಾಡಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಿಂದ ಹಿಡಿದು ಗಂಗೊಳ್ಳಿಯ ತನಕ ಬೋಟು ರಿಪೇರಿಯ ಕಾಲ ಅದು. ಎಂಜಿನ್ ಬಿಚ್ಚುವುದು, ಬಲೆ ಹೆಣೆಯುವುದು, ತಳ ಕೆರೆದು ಬಣ್ಣ ಬಳಿಯುವುದು, ಎಲ್ಲಕ್ಕೂ ಆಗಸ್ಟ್ 1ರ ಗಡುವು. ಎರಡು ತಿಂಗಳಿದ್ದರೂ ಕೆಲಸವೆಲ್ಲ ಕೊನೆಯ ವಾರಕ್ಕೇ ಬಂದು ಬೀಳುತ್ತದೆ ಅಂತ ಮಾವ ಯಾವಾಗಲೂ ನಗುತ್ತಿದ್ದರು. ಅದನ್ನು ಕೇಳಿ, ನಮ್ಮ ಪ್ರಾಜೆಕ್ಟುಗಳಿಗೂ ನಿಮ್ಮ ಬೋಟುಗಳಿಗೂ ವ್ಯತ್ಯಾಸವೇ ಇಲ್ಲ ಅಂತ ನಾನೂ ನಗುತ್ತಿದ್ದೆ. ಚಿಕ್ಕಂದಿನಲ್ಲಿ ನಾನು ನೋಡಿದ್ದು ಮರದ ದೋಣಿಗಳ ಕಾಲದ ಕೊನೆ. ಆಚಾರಿ ಸಣ್ಣ ಸುತ್ತಿಗೆಯಲ್ಲಿ ಹಲಗೆ ಹಲಗೆಗೂ ತಟ್ಟಿ ಸದ್ದು ಕೇಳುತ್ತಾ ಹೋಗುತ್ತಿದ್ದ. ಮಂಕಾದ ಸದ್ದು ಬಂದಲ್ಲಿ ಸುಣ್ಣದ ಗುರುತು. ಸಂದಿಗಳಿಗೆ ಹತ್ತಿ ತುಂಬಿ, ಮೈಗೆ ಎಣ್ಣೆ ಬಳಿಯುತ್ತಿದ್ದರು. ಆ ವಾಸನೆ ಅಂಗಿಯಿಂದ ಹೋಗುತ್ತಿರಲಿಲ್ಲ.

"ಮರದ ದೋಣಿ ಆದ್ರೆ ಬಚಾವು" ಅಂದರು ಮಾವ. "ಮೊದಲ ದಿನ ನೀರು ಕುಡೀತದೆ, ಹಲಗೆ ಊದ್ತದೆ, ಸಂದಿ ತನ್ನಷ್ಟಕ್ಕೇ ಕೂಡ್ತದೆ. ಫೈಬರ್ ಹಾಗಲ್ಲ ಮಾರಾಯಾ. ಅದಕ್ಕೆ ಬಿಟ್ಟರೆ ಬಿಟ್ಟದ್ದೇ. ಸರಿ ಮಾಡೂಕೆ ನೀನೇ ಬೇಕು."

"ಮೂರು ವಾರ ಸಾಕಾ ಮಾವ?"

"ನೀರಿಗೆ ಎಂತ ಅವಸರ ಮಾರಾಯಾ? ಅವಸರ ಎಲ್ಲ ನಮ್ದೇ."

ಆಫೀಸಿನಿಂದ ಬಂದು ರಾತ್ರಿ ಎಂಟರಿಂದ ಹತ್ತೂವರೆ ನಮ್ಮ ಕೆಲಸದ ಹೊತ್ತು. ರಾಣಿಗಂಜಿನ ಅಂಗಡಿಯಿಂದ ರೆಸಿನ್, ಹಾರ್ಡನರ್, ಗ್ಲಾಸ್ ಮ್ಯಾಟ್, ಮರಳು ಕಾಗದ ತಂದೆ. ಮಗಳು ಮಾಸ್ಕ್ ಹಾಕಿಕೊಂಡು ಬಿರುಕಿನ ಸುತ್ತ ಉಜ್ಜಿದಳು. ಹಾಯಿಯ ಹೊಲಿಗೆಯನ್ನು ನನ್ನ ಹೆಂಡತಿ ವಹಿಸಿಕೊಂಡಳು. ಅವಳು ಧಾರವಾಡದವಳು, ನೀರು ಕಂಡರೆ ದೂರ, ಆದರೆ ಹೊಲಿಗೆ ಕಂಡರೆ ಬಿಡುವವಳಲ್ಲ. ಅಕ್ಕಪಕ್ಕದ ಮಕ್ಕಳು ಸುತ್ತ ಕೂತು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ನಾನೂ ಮಗಳೂ ಮೊಬೈಲ್ ಇಲ್ಲದೆ ಒಟ್ಟಿಗೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಉಜ್ಜುತ್ತಾ ಕಥೆ ಹೇಳುತ್ತಿದ್ದೆ. ತಾರಿಣಿಯ ಕಥೆ ಅವಳಿಗೆ ಗೊತ್ತಿತ್ತು, ಆದರೂ ಮತ್ತೆ ಹೇಳಿಸಿದಳು. ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ 56 ಅಡಿಯ ಹಾಯಿದೋಣಿ. 2017ರ ಸೆಪ್ಟೆಂಬರ್ 10ರಂದು ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಭೂಮಿ ಸುತ್ತಲು ಹೊರಟರು. ಅವರಲ್ಲಿ ಒಬ್ಬರು ನಮ್ಮ ಹೈದರಾಬಾದಿನವರೇ, ಐಶ್ವರ್ಯಾ ಬೊಡ್ಡಪಾಟಿ. ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಎಂಬ ನಾಲ್ಕು ಬಂದರುಗಳಲ್ಲಿ ಮಾತ್ರ ತಂಗುವುದು ಅಂತ ಲೆಕ್ಕ. ತಂಗುವುದೆಂದರೆ ವಿಶ್ರಾಂತಿಯಲ್ಲ, ಮುಂದಿನ ಹಂತಕ್ಕೆ ಮೊದಲು ದೋಣಿಯನ್ನು ಸರಿಮಾಡಿಕೊಳ್ಳುವುದು. ಪೆಸಿಫಿಕ್‌ನ ಬಿರುಗಾಳಿ, ಕೇಪ್ ಹಾರ್ನ್ ಎಲ್ಲ ದಾಟಿ, ಇನ್ನೇನು ಕೊನೆಯ ಹಂತ, ಮನೆ ಕಡೆಗೆ ಮುಖ. ಆಗ ಚುಕ್ಕಾಣಿಯ ವ್ಯವಸ್ಥೆ ಕೈಕೊಟ್ಟಿತು. 2018ರ ಏಪ್ರಿಲಿನಲ್ಲಿ, ಲೆಕ್ಕದಲ್ಲಿಲ್ಲದ ಐದನೇ ಬಂದರು, ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ರಿಪೇರಿ ಮಾಡಿಸಿಕೊಂಡರು. ಆಮೇಲೇ ಗೋವಾ. ಮೇ 21ಕ್ಕೆ ಬಂದು ಮುಟ್ಟಿದಾಗ ಒಟ್ಟು 254 ದಿನ.

"ಅಷ್ಟು ಹತ್ತಿರ ಬಂದು ನಿಲ್ಲಿಸೋದು ಬೇಜಾರಲ್ವಾ?" ಅಂದಳು.

"ಬೇಜಾರೇ."

ಅವಳಿಗೆ ಅದಕ್ಕಿಂತ ಇಷ್ಟವಾದದ್ದು ಅಭಿಲಾಷ್ ಟೋಮಿಯವರ ಬಾಗಿಲು. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಅವರ ದೋಣಿಯ ಕೂವೆಕಂಬ ಮುರಿಯಿತು, ಬೆನ್ನುಮೂಳೆಯೂ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ, ಮತ್ತೆ ನಡೆಯಲು ಕಲಿತು, 2022ರಲ್ಲಿ ಅದೇ ರೇಸಿಗೆ ಇನ್ನೊಂದು ದೋಣಿ ಸಿದ್ಧಮಾಡಿಕೊಂಡರು. ರೇಸಿಗೆ ಕೆಲವೇ ದಿನ ಇರುವಾಗ ಆ ದೋಣಿ ಸರಕು ಹಡಗಿಗೆ ತಗುಲಿ ಮುಂಭಾಗದ ಕಂಬ ಮುರಿಯಿತು. ಗಡುವಿನೊಳಗೆ ಅದನ್ನು ಸರಿಮಾಡಿಸಿ ಸೆಪ್ಟೆಂಬರ್ 4ಕ್ಕೆ ಹೊರಟರು. ನಡುಗಡಲಿನಲ್ಲಿ, ದೋಣಿಯನ್ನು ತಾನಾಗಿ ದಿಕ್ಕಿಗೆ ಹಿಡಿಯುವ ಯಂತ್ರದ ಹಲಗೆ ಮುರಿದಾಗ ಟಾಯ್ಲೆಟ್ಟಿನ ಬಾಗಿಲನ್ನೇ ಕೊಯ್ದು ಹೊಸದು ಮಾಡಿಕೊಂಡರು. 236 ದಿನಗಳ ಮೇಲೆ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ಗುರಿ ಮುಟ್ಟಿದರು. ಟಾಯ್ಲೆಟ್ ಬಾಗಿಲಿನ ಮಾತು ಬಂದಾಗಲೆಲ್ಲ ಸೆಲ್ಲಾರಿನ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಅಳತೆಯ ದಿನ ಗುರುವಾರ. ಹಿಂದಿನ ಶನಿವಾರ ಬಿರುಕಿಗೆ ಮ್ಯಾಟ್ ಇಟ್ಟು ರೆಸಿನ್ ಹಾಕಿದೆ. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ ಹಾರ್ಡನರ್. ಜಾಸ್ತಿಯಾದರೆ ಕೈಯಲ್ಲೇ ಗಟ್ಟಿಯಾಗಿಬಿಡುತ್ತದೆ ಅನ್ನುವ ಹೆದರಿಕೆಯಲ್ಲಿ ಕಣ್ಣಂದಾಜಿಗೆ ಸ್ವಲ್ಪ ಕಡಿಮೆಯೇ ಹಾಕಿದೆ. ಆ ರಾತ್ರಿ ಮಳೆ ಸುರಿದು ರ್‍ಯಾಂಪಿನಿಂದ ನೀರು ಸೆಲ್ಲಾರಿಗೆ ಹರಿದಿತ್ತು. ಗಾಳಿಯೆಲ್ಲ ತೇವ. ಭಾನುವಾರ ಅಂಟಂಟು. ಸೋಮವಾರವೂ ಅಂಟು. ಪೆಡಸ್ಟಲ್ ಫ್ಯಾನ್ ಇಟ್ಟೆ, ಬಲ್ಬು ತೂಗುಹಾಕಿದೆ. ಮಂಗಳವಾರ ರಾತ್ರಿ ಮಗಳು ಉಗುರು ಒತ್ತಿದಳು. ಉಗುರಿನ ಗುರುತು ಹಾಗೇ ಕೂತಿತು. ಅಸಿಟೋನ್ ಬಟ್ಟೆಯಿಂದ ಒರೆಸಿದರೆ ಬೆಲ್ಲದ ಪಾಕದ ಹಾಗೆ ಎಳೆ ಎದ್ದಿತು. ಅಂದರೆ ರೆಸಿನ್ ಕೂತಿಲ್ಲ, ಇನ್ನು ಕೂರುವುದೂ ಇಲ್ಲ. ಎಲ್ಲ ಕೆರೆದು ತೆಗೆದು ಮೊದಲಿನಿಂದ ಮಾಡಬೇಕು. ಅಷ್ಟಕ್ಕೆ ಸಮಯವಿಲ್ಲ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಅಪ್ಪಾ, ಮೇಲೆ ಜೆಲ್‌ಕೋಟ್ ಹಚ್ಚಿಬಿಡು. ಯಾರೂ ಉಗುರು ಒತ್ತಿ ನೋಡಲ್ಲ. ಮೂರು ದಿನ ತಾನೇ, ಆಮೇಲೆ ಸರಿ ಮಾಡೋಣ."

ಆ ಮಾತಿನ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಹಾಲಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಅಡ್ಡಾಡುತ್ತಾ ನಾನೇ ನೂರು ಸಲ ಹೇಳಿದ ಮಾತು. ಗೋ-ಲೈವ್ ಆಗಲಿ, ಆಮೇಲೆ ನೋಡೋಣ. ಅವಳು ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿರುತ್ತಿದ್ದಳು.

ಬೇಡ ಅಂದೆ. ಯಾಕೆ ಅಂದಳು. ರಿಸ್ಕ್ ಅಂದೆ. "ಅಭಿಲಾಷ್ ಟೋಮಿ ಟಾಯ್ಲೆಟ್ ಬಾಗಿಲು ಹಾಕಿದ್ರೆ ಹೀರೋ, ನಾವು ಜೆಲ್‌ಕೋಟ್ ಹಚ್ಚಿದ್ರೆ ರಿಸ್ಕಾ?" ಅಂತ ಕೇಳಿದಳು. ಹದಿಮೂರು ವರ್ಷದವರ ವಾದಕ್ಕೆ ಉತ್ತರ ಕೊಡುವುದು ಕಷ್ಟ. ಅವರಿಗೆ ಹಾಕಿದ್ದು ಬಾಗಿಲು ಅಂತ ಗೊತ್ತಿತ್ತು ಪುಟ್ಟಾ, ಅದರ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಅಂದಾಜಿತ್ತು, ಬೇರೆ ದಾರಿ ಇರಲಿಲ್ಲ, ನಾವಿನ್ನೂ ದಡದಲ್ಲಿದ್ದೇವೆ, ಅಂತೆಲ್ಲ ಹೇಳುತ್ತಾ ಹೋದೆ. ಹೇಳುತ್ತಿದ್ದಂತೆ ನನ್ನ ಮಾತು ನನಗೇ ಪೊಳ್ಳು ಅನ್ನಿಸಿತು. ಆಚಾರಿ ತಟ್ಟಿದ್ದರೆ ಮಂಕು ಸದ್ದೇ ಬರುತ್ತಿತ್ತು.

"ಹೋದ ವರ್ಷದ ಟೇಪ್ ನಾನೇ ಹಾಕಿದ್ದು" ಅಂದೆ. "ಸೋರ್ತಿದೆ ಅಂತ ಶುಕ್ರವಾರವೇ ಗೊತ್ತಿತ್ತು. ನಿನಗೆ ಹೇಳಲಿಲ್ಲ. ನೀನು ಕೇಳಿದಾಗಲೂ ಸುಳ್ಳು ಹೇಳಿದೆ."

ಅವಳು ಅಳಬಹುದು, ಕೂಗಬಹುದು ಅಂತ ಕಾದೆ. ಅವಳು ಕೈಯಲ್ಲಿದ್ದ ಮರಳು ಕಾಗದವನ್ನು ಮಡಚುತ್ತಾ ಕೂತಳು. ಬಹಳ ಹೊತ್ತಾದ ಮೇಲೆ ಕೇಳಿದಳು, "ಹಾಗಾದ್ರೆ ನನ್ನ ಕೈಯಲ್ಲಿ ಆಗದೇ ಇದ್ದಿದ್ದಲ್ವಾ ಅದು?"

ನನಗೆ ಅರ್ಥವಾಗಲಿಲ್ಲ.

"ಬೇರೆ ಮೂರು ಜನ ಐದು ನಿಮಿಷಕ್ಕೆ ನೀರು ಖಾಲಿ ಮಾಡಿದ್ರು. ನನಗೆ ಇಪ್ಪತ್ತು ನಿಮಿಷಕ್ಕೂ ಆಗಲಿಲ್ಲ. ನಾನು ವೀಕು ಅಂದ್ಕೊಂಡಿದ್ದೆ."

ಎದ್ದು ಲಿಫ್ಟಿನ ಕಡೆ ಹೋದಳು. ನಾನು ಫ್ಯಾನಿನ ಎದುರು ಕೂತೇ ಇದ್ದೆ. ಪುಷ್‌ಅಪ್ ಯಾಕೆ ಅಂತ ಆಗ ತಿಳಿಯಿತು.

ಆ ರಾತ್ರಿ ನೆನಪಾದದ್ದು ರಾಯಚೂರಿನ ಒಬ್ಬ ಹುಡುಗ. ನಾಲ್ಕು ವರ್ಷದ ಹಿಂದೆ ನನ್ನ ಟೀಮಿನಲ್ಲಿದ್ದ. ಕಂಪನಿ ಯಾವುದು ಅನ್ನುವುದು ಇಲ್ಲಿ ಬೇಡ. ಒಂದು ರಿಲೀಸಿಗೆ ಮೊದಲು, ರಾತ್ರಿಯ ಬ್ಯಾಚ್ ಜಾಬ್ ಹತ್ತರಲ್ಲಿ ಒಂದು ಸಲ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನನಗೆ ಗೊತ್ತಿತ್ತು. ತಾರೀಕು ಬದಲಿಸುವ ಧೈರ್ಯ ಇರಲಿಲ್ಲ. ಆ ವಾರ ಡ್ಯೂಟಿಯಲ್ಲಿದ್ದ ಅವನಿಗೆ ಅದನ್ನು ಹೇಳಿರಲಿಲ್ಲ. ಜಾಬ್ ನಿಂತಿತು, ಅವನು ಗಾಬರಿಯಲ್ಲಿ ಅದನ್ನು ಎರಡು ಸಲ ಓಡಿಸಿದ, ಲೆಕ್ಕ ಎರಡೆರಡು ಸಲ ಬಿತ್ತು. ಸರಿಮಾಡಲು ಹನ್ನೊಂದು ದಿನ ಹಿಡಿಯಿತು. ಅಕ್ಕನ ನಿಶ್ಚಿತಾರ್ಥಕ್ಕೆ ಅವನು ಹೋಗಲಾಗಲಿಲ್ಲ. ಕೊನೆಯ ವರದಿಯಲ್ಲಿ ಕಾರಣ 'ಆಪರೇಟರ್ ತಪ್ಪು' ಅಂತ ಇತ್ತು. ನಾನು ಬರೆದದ್ದಲ್ಲ. ಆದರೆ ಓದಿ, ಅಳಿಸದೆ, ಮುಂದಕ್ಕೆ ಕಳಿಸಿದವನು ನಾನು. ಆರು ತಿಂಗಳಿಗೆ ಅವನು ಕೆಲಸ ಬಿಟ್ಟ. ಹೋಗುವ ದಿನ, "ನಿಮಗೆ ನನ್ನಿಂದ ತೊಂದರೆ ಆಯ್ತು ಸರ್" ಅಂದಿದ್ದ.

ನಮ್ಮ ಕಸುಬಿನಲ್ಲಿ ಟೇಪ್ ಹಾಕದೆ ನಡೆಯುವುದಿಲ್ಲ. ಗಡುವು ಇರುವ ತನಕ ಜುಗಾಡೂ ಇರುತ್ತದೆ, ಕಡಲಿನಲ್ಲೂ ಇರುತ್ತದೆ. ತಪ್ಪು ಜುಗಾಡಿನದ್ದಲ್ಲ. ದೋಣಿಯಲ್ಲಿ ಕೂರುವವರಿಗೆ ಅದನ್ನು ಹೇಳದೆ ಇದ್ದದ್ದು ತಪ್ಪು. ಹೇಳದೆ ಇದ್ದಾಗ ದೋಣಿ ಮುಳುಗಿದರೆ, ಕೂತವರು ತಮ್ಮ ಕೈಯನ್ನೇ ದೂರುತ್ತಾರೆ.

ಹೆಂಡತಿಗೂ ಹೇಳಿದೆ. ಅವಳು ಹೊಲಿದಿಟ್ಟ ಹಾಯಿಯನ್ನು ಸುತ್ತುತ್ತಾ, "ಹೋದ ವರ್ಷನ ಹೇಳಬೇಕಾಗಿತ್ತು ನೀವು" ಅಂದಳು, ಅಷ್ಟೇ. ರಾಯಚೂರಿನ ಹುಡುಗನ ನಂಬರು ಇನ್ನೂ ನನ್ನ ಫೋನಿನಲ್ಲಿತ್ತು. ಮೂರು ಸಲ ಬರೆದು ಅಳಿಸಿ, ನಾಲ್ಕನೆಯ ಸಲ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಇದನ್ನು ಬರೆಯುವ ತನಕವೂ ಬಂದಿಲ್ಲ.

ಮಗಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಗುರುವಾರ ಕಳೆಯಿತು. ರೆಗಟ್ಟಾದ ಮೊದಲ ದಿನ ಬೆಳಿಗ್ಗೆ ತಾನಾಗಿ ಬಂದು, "ನೋಡೋಕೆ ಹೋಗೋಣ" ಅಂದಳು. ನೆಕ್ಲೇಸ್ ರೋಡಿನ ಕಟ್ಟೆಯ ಮೇಲೆ ಕೂತೆವು. ಬಿಳಿ ಹಾಯಿಗಳು ಕೆರೆಯ ತುಂಬ, ನಡುವೆ ಬುದ್ಧ. 1990ರ ಮಾರ್ಚಿನಲ್ಲಿ ಆ ವಿಗ್ರಹವನ್ನು ತೆಪ್ಪದ ಮೇಲೆ ಸಾಗಿಸುವಾಗ ತೆಪ್ಪ ವಾಲಿ ಹತ್ತು ಜನ ಸತ್ತರು ಅಂತಲೂ, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬುದ್ಧ ನೀರಿನಡಿ ಮಲಗಿದ್ದ ಅಂತಲೂ ಹೇಳಿದೆ. 1992ರ ಡಿಸೆಂಬರಿನಲ್ಲಿ ಮೇಲೆತ್ತಿ ನಿಲ್ಲಿಸಿದರು. ಅವಳು ಬುದ್ಧನನ್ನೇ ನೋಡುತ್ತಾ, "ಲೇಟಾಗಿದ್ದು ಯಾರಿಗೂ ಗೊತ್ತೇ ಆಗಲ್ಲ ಈಗ" ಅಂದಳು. ಆಮೇಲೆ, "ಆ ಹತ್ತು ಜನರ ಮನೆಯವರಿಗೆ ಗೊತ್ತಿರುತ್ತೆ" ಅಂತ ತಾನೇ ಸೇರಿಸಿದಳು.

ಭಾನುವಾರದಿಂದ ಮತ್ತೆ ಶುರು ಮಾಡಿದೆವು. ಈ ಸಲ ಪಟ್ಟಿ ಅವಳದು, ಎಕ್ಸೆಲ್ ಅಲ್ಲ, ಸ್ಕೂಲಿನ ನೋಟ್‌ಬುಕ್ಕು. ಎದುರಿಗೆ ಮೂರು ಕಾಲಂ: ಮಾಡಿದ್ದು ಯಾರು, ಹೇಗೆ ನೋಡಿದೆವು, ಇನ್ನೂ ಏನು ಸರಿಯಿಲ್ಲ. ಮೂರನೆಯ ಕಾಲಂ ಖಾಲಿ ಬಿಡುವಂತಿಲ್ಲ ಅಂತ ಅವಳ ನಿಯಮ. ಹಳೇ ರೆಸಿನ್ ಪೂರ್ತಿ ಕೆರೆದೆವು. ಮಳೆಯಿಲ್ಲದ ದಿನ ನೋಡಿ ದೋಣಿಯನ್ನು ಟೆರೇಸಿಗೆ ಹೊತ್ತೆವು. ಲಿಫ್ಟಿಗೆ ಹಿಡಿಯದು, ಐದು ಮಹಡಿ ಮೆಟ್ಟಿಲು, ವಾಚ್‌ಮನ್ ಒಂದು ಕಡೆ, ನಾನೊಂದು ಕಡೆ. ಅಡುಗೆಮನೆಯ ತಕ್ಕಡಿಯಲ್ಲಿ ರೆಸಿನ್ ತೂಗಿದವಳು ಅವಳು. ಹಾರ್ಡನರ್ ಹನಿ ಎಣಿಸಿದವಳೂ ಅವಳೇ. ಮರುದಿನ ಬೆಳಿಗ್ಗೆ ತಟ್ಟಿದರೆ ಟಣ್ ಅಂತ ಸದ್ದು ಬಂತು. ಹೊಸ ಚೀಲಗಳಿಗೆ ಗಾಳಿ ತುಂಬಿ, ಅರ್ಧ ಗಂಟೆಯಲ್ಲ, ಎರಡು ರಾತ್ರಿ ಬಿಟ್ಟು ನೋಡಿದೆವು. ಚುಕ್ಕಾಣಿಯ ಕೊಂಡಿಗೆ ಹೊಸ ಸ್ಕ್ರೂ ಹಾಕಿದರೂ ಸ್ವಲ್ಪ ಅಲುಗುತ್ತಿತ್ತು. ಮೂರನೆಯ ಕಾಲಮ್ಮಿನಲ್ಲಿ ಅವಳು ಬರೆದಳು: ಅಲುಗುತ್ತೆ, ನನಗೆ ಗೊತ್ತು.

ಆಗಸ್ಟಿನ ಎರಡನೇ ಭಾನುವಾರ ದೋಣಿ ನೀರಿಗಿಳಿಯಿತು. ಸ್ಪರ್ಧೆಯಿಲ್ಲ, ಜನವಿಲ್ಲ, ಕ್ಲಬ್ಬಿನ ಒಂದು ರೆಸ್ಕ್ಯೂ ಬೋಟು ಮಾತ್ರ. ಜೆಟ್ಟಿಯಿಂದ ನೂರು ಗಜ ಹೋದವಳು ಒಂದು ಬದಿಗೆ ಪೂರ್ತಿ ವಾಲಿ, ಬೇಕೆಂದೇ ದೋಣಿ ಮಗುಚಿದಳು. ನನ್ನ ಕೈ ಜೆಟ್ಟಿಯ ಕಂಬವನ್ನು ಹಿಡಿದದ್ದು ಆಮೇಲೆ ಗೊತ್ತಾಯಿತು. ಎಬ್ಬಿಸಿದಳು, ಹತ್ತಿದಳು, ಮೊಗೆಯತೊಡಗಿದಳು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಹೋದ ವರ್ಷದ ಪಾಠ. ಮೂರೂ ಮೂಲೆ ಒಟ್ಟಿಗೆ ಮೇಲೆದ್ದವು. ನಾನು ಗಡಿಯಾರ ನೋಡಲಿಲ್ಲ. ಅವಳು ನೋಡಿಕೊಂಡಿದ್ದಳು. ದಡಕ್ಕೆ ಬಂದು ಕೂಗಿದಳು, "ನಾಲ್ಕೂವರೆ ನಿಮಿಷ!" ಮತ್ತೆ ಹಾಯಿ ತಿರುಗಿಸಿಕೊಂಡು ಹೋದಳು.

ಸಂಜೆ ಮಾವನ ಫೋನ್. ಅವರ ಕಡೆ ಬೋಟುಗಳೆಲ್ಲ ಕಡಲಿಗಿಳಿದು ಹತ್ತು ದಿನವಾಗಿತ್ತು.

"ಎಂತ ಆಯ್ತು ನಿನ್ನ ಫೈಬರ್ ದೋಣಿ? ಒಳಗೆ ನೀರು ಬಂತಾ?"

"ಬಂತು ಮಾವ. ಅವಳೇ ತುಂಬಿಸಿಕೊಂಡಳು."

"ಮತ್ತೆ?"

"ಅವಳೇ ಖಾಲಿ ಮಾಡಿದಳು."